ಬಿಲ್ಲುಬೇಟೆಗೆ ಮುನ್ನ
ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಜಿಂಕೆಯ ಬಿಲ್ಲುಬೇಟೆ ಸೆಪ್ಟೆಂಬರ್ ಮಧ್ಯದಲ್ಲಿ ಶುರುವಾಗುತ್ತದೆ. ತಯಾರಿ ಬೇಸಿಗೆಯಲ್ಲೇ ನಡೆಯಬೇಕು. ಮೊದಲು ನೋಡಬೇಕಾದ್ದು ಹೆದೆ. ಎಳೆ ಕಿತ್ತುಬಂದಿದ್ದರೆ ಬದಲಿಸಬೇಕು, ಬರೀ ಒಣಗಿದ್ದರೆ ಮೇಣ ಸವರಿದರೆ ಸಾಕು. ಕಾರ್ಬನ್ ಬಾಣವನ್ನು ಮೆಲ್ಲಗೆ ಬಾಗಿಸಿದಾಗ ಚಿಟಚಿಟ ಸದ್ದು ಬಂದರೆ ಅದು ಬಿರುಕಿನ ಸೂಚನೆ. ಅಂಥದ್ದನ್ನು ಹೂಡಿದರೆ ಸಿಡಿದು ಕೈಗೆ ನಾಟಬಹುದು. ಅಭ್ಯಾಸದ ಮೊನೆ, ಬೇಟೆಯ ಅಲಗುಮೊನೆ ಒಂದೇ ತೂಕದವಾದರೂ ಗಾಳಿಯಲ್ಲಿ ಬೇರೆ ಬೇರೆ ರೀತಿ ಸಾಗುತ್ತವೆ, ಹೀಗಾಗಿ ಕೊನೆಯ ವಾರಗಳ ಅಭ್ಯಾಸ ಅಲಗುಮೊನೆಯಲ್ಲೇ ಆಗಬೇಕು. ಸ್ವದೇಶಿ ಸಾಮಗ್ರಿಯೇ ಬೇಕೆನ್ನುವವರಿಗೆ ಆಯ್ಕೆಗೆ ಬರವಿಲ್ಲ: ಮ್ಯಾಥ್ಯೂಸ್ ಬಿಲ್ಲು ಇದೇ ರಾಜ್ಯದ ಸ್ಪಾರ್ಟಾದಲ್ಲಿ, ಹೋಯ್ಟ್ ಬಿಲ್ಲು ಯೂಟಾದ ಸಾಲ್ಟ್ ಲೇಕ್ ಸಿಟಿಯಲ್ಲಿ ತಯಾರಾಗುತ್ತವೆ. ಆದರೆ ಕಂಪನಿ ಅಮೆರಿಕದ್ದಾದ ಮಾತ್ರಕ್ಕೆ ಅದು ಮಾರುವ ಎಲ್ಲ ಮಾಲೂ ಅಲ್ಲಿಯದೇ ಆಗಿರಬೇಕೆಂದಿಲ್ಲ. ಫೆಡರಲ್ ಟ್ರೇಡ್ ಕಮಿಷನ್ ನಿಯಮದಂತೆ 'ಮೇಡ್ ಇನ್ ಯುಎಸ್‌ಎ' ಎಂದು ಅಚ್ಚು ಹಾಕಲು ಹೆಚ್ಚುಕಡಿಮೆ ಎಲ್ಲ ಬಿಡಿಭಾಗಗಳೂ ಕೆಲಸವೂ ದೇಶದೊಳಗಿನವೇ ಆಗಿರಬೇಕು; 'ಅಸೆಂಬಲ್ಡ್' ಎಂದಿದ್ದರೆ ಬಿಡಿಭಾಗಗಳು ಹೊರಗಿನವಿರಬಹುದು. ಬೇಟೆಯ ಬಿಲ್ಲು ಎಲ್ಲಿಯದಾದರೂ ಶೇ 11ರ ಕೇಂದ್ರ ತೆರಿಗೆ ತಪ್ಪದು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಡಿ ಆ ಹಣ ರಾಜ್ಯಗಳ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತದೆ.