ತಂತಿಯ ಜಾತಿ ಕೇಳುವವರಿಗೆ

ಮಧುರೆಯಂಥ ಊರಿನ ಜಾತ್ರೆಯಲ್ಲಿ ಆರ್ಕೆಸ್ಟ್ರಾದವನು ಗಿಟಾರ್ ಹಿಡಿದು ನಿಂತರೆ ಜನ ನೋಡುವುದು ಅವನ ಬೆರಳನ್ನು, ಹೆಸರನ್ನಲ್ಲ. ಈ ಒಳ್ಳೆಯ ಅಭ್ಯಾಸ ಎಷ್ಟು ದಿನ ಉಳಿದೀತು? 2022ರಲ್ಲಿ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಜಾಗವಿಲ್ಲ ಎಂಬ ಫಲಕಗಳು ಎದ್ದವು. ಇಂದು ಬಳೆ ಮಾರುವವನ ಧರ್ಮ ಕೇಳಿದವರು ನಾಳೆ ತಂತಿ ಮೀಟುವವನ ಧರ್ಮ ಕೇಳುವುದಿಲ್ಲವೆಂದು ಏನು ಖಾತ್ರಿ? ಇತ್ತ ನಮ್ಮ ಕೇರಿಯಲ್ಲಿ ಹುಡುಗನೊಬ್ಬ ಗಿಟಾರ್ ಮುಟ್ಟಿದರೆ ಸಾಕು, ಅವನು ಕೆಟ್ಟನೆಂದು ತೀರ್ಪು ಕೊಡಲು ಹತ್ತು ಜನ ಸಿದ್ಧ.

ಈ ಇಬ್ಬರೂ ಸ್ಪೇನಿನ ಪಾಕೊ ದೆ ಲೂಸಿಯಾನ ಬದುಕನ್ನು ಒಮ್ಮೆ ನೋಡಬೇಕು. ಫ್ಲಮೆಂಕೊ ಗಿಟಾರಿನ ಈ ಮಹಾನ್ ವಾದಕ ಹುಟ್ಟಿದ್ದು 1947ರಲ್ಲಿ, ಅಲ್ಜೆಸಿರಾಸ್ ಎಂಬ ಬಂದರು ಊರಿನಲ್ಲಿ. ಊರಿನ ಹೆಸರೇ ಅರಬಿಯ 'ಅಲ್ ಜಝೀರಾ'ದಿಂದ ಬಂದದ್ದು. ಬಡ ಮನೆ. ಗಿಟಾರ್ ನುಡಿಸಿ ಸಂಸಾರ ತೂಗಿಸುತ್ತಿದ್ದ ತಂದೆಯೇ ಗುರು. ಶಾಲೆ ಬೇಗ ನಿಂತಿತು, ಸಾಧನೆ ನಿಲ್ಲಲಿಲ್ಲ. 'ಲೂಸಿಯಾ' ಅವನ ತಾಯಿಯ ಹೆಸರು. ಆಕೆ ಪೋರ್ಚುಗಲ್ ಮೂಲದವಳು. ಅವನು ಜಿಪ್ಸಿಯಲ್ಲ. ಆದರೂ ಜಿಪ್ಸಿ ಗಾಯಕ ಕಮರೋನನ ಜತೆ ಸೇರಿ ಅವನು ಮಾಡಿದ ಧ್ವನಿಮುದ್ರಣಗಳು ಫ್ಲಮೆಂಕೊದ ದಿಕ್ಕನ್ನೇ ಬದಲಿಸಿದವು. ಆ ಜಿಪ್ಸಿಗಳ ಪೂರ್ವಿಕರಾದರೋ ನಮ್ಮ ವಾಯವ್ಯ ಭಾರತದಿಂದ ಹೊರಟವರು!

ಪೆರುವಿನ ಕಹೋನ್ ಎಂಬ ಮರದ ಪೆಟ್ಟಿಗೆಯ ತಾಳವಾದ್ಯ, ಕೊಳಲು, ಸ್ಯಾಕ್ಸೊಫೋನ್ ಇವನ್ನೆಲ್ಲ ಪಾಕೊ ತನ್ನ ಮೇಳಕ್ಕೆ ತಂದಾಗ ಮಡಿವಂತರು ಸಿಡಿದೆದ್ದರು. ಪರಂಪರೆ ಹಾಳಾಯಿತೆಂದರು. ಇಂದು ಕಹೋನ್ ಇಲ್ಲದ ಫ್ಲಮೆಂಕೊ ಕಚೇರಿಯೇ ಅಪರೂಪ. ಪರಂಪರೆ ಬೆಳೆದದ್ದು ಯಾರಿಂದ? ಕಾವಲು ಕಾದವರಿಂದಲೋ, ಬಾಗಿಲು ತೆರೆದವನಿಂದಲೋ?

1990ರ ತನ್ನ ಆಲ್ಬಮ್‌ಗೆ ಅವನು ಇಟ್ಟ ಹೆಸರು 'ಝಿರ್ಯಾಬ್'. ಬಗ್ದಾದಿನಿಂದ ಹೊರಟು 822ರಲ್ಲಿ ಕೊರ್ದೊಬಾ ಸೇರಿದ ಮುಸ್ಲಿಮ್ ಸಂಗೀತಗಾರ ಈತ. ಊದ್ ವಾದ್ಯಕ್ಕೆ ಐದನೆಯ ತಂತಿ ಕೂಡಿಸಿದವನೆಂದು ಪ್ರತೀತಿ. 1492ರಲ್ಲಿ ಗ್ರಾನಡಾ ಬಿತ್ತು. 1609ರಿಂದ ಮುಸ್ಲಿಮ್ ಮೂಲದವರನ್ನು ನೆಲದಿಂದಲೇ ಹೊರದಬ್ಬಿದರು. ಆದರೂ ನಾಲ್ಕು ಶತಮಾನ ಕಳೆದ ಮೇಲೆ ಕ್ರೈಸ್ತ ಮನೆಯ ಮಗನೊಬ್ಬ ಆ ಹೆಸರನ್ನು ಗೌರವದಿಂದ ಮೀಟಿದ. ಮನುಷ್ಯರನ್ನು ಗಡಿಪಾರು ಮಾಡಬಹುದು, ಅವರು ಕಲಿಸಿದ್ದನ್ನು ಮಾಡಲಾಗದು.

ಸ್ಪೇನಿನವರೆಗೆ ಹೋಗುವುದೇಕೆ? ನಮ್ಮ ಧಾರವಾಡವಿದೆ. ರಹಿಮತ್ ಖಾನರು ಸಿತಾರ್ ಹಿಡಿದು ಬಂದು ಅಲ್ಲಿ ನೆಲೆಸಿದರು. ಮೊಮ್ಮಗ ಬಾಲೇಖಾನರು 2007ರಲ್ಲಿ ತೀರಿಕೊಳ್ಳುವವರೆಗೂ ಅದೇ ತಂತಿಯಲ್ಲಿ ಬದುಕಿದರು. ಅವರಿಂದ ಕಲಿತ ಹಿಂದೂ ಶಿಷ್ಯರು ಗುರುವಿನ ಮತ ಕೇಳಲಿಲ್ಲ. ಸಿತಾರ್ ಹಿಡಿದ ಕಾರಣಕ್ಕೆ ಆ ಮನೆತನ ತನ್ನ ದೀನ್ ಬಿಡಲೂ ಇಲ್ಲ.

ಸಂಗೀತದ ವಿಷಯದಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯ ಹಿಂದಿನಿಂದಲೂ ಇದೆ. ನುಡಿಸದಿರುವ ಹಕ್ಕು ಎಲ್ಲರಿಗೂ ಇದೆ. ಆದರೆ ನುಡಿಸುವವನನ್ನು ಅವಮಾನಿಸುವ ಹಕ್ಕನ್ನು ಯಾರು ಕೊಟ್ಟರು? ಅವನು ನಮ್ಮವನಲ್ಲವೆಂದು ನಾವೂ ಅಂದರೆ, ಹೊರಗೆ ಫಲಕ ನೆಟ್ಟವರ ಕೆಲಸವನ್ನು ನಾವೇ ಮನೆಯೊಳಗೆ ಮಾಡಿಕೊಟ್ಟಂತೆ. ಗಿಟಾರ್ ಹಿಡಿದ ಹುಡುಗನನ್ನು ಮೊದಲು ಕೂತು ಕೇಳೋಣ. ಅಪಸ್ವರ ಬಂದರೆ ಆಗ ಬೈಯೋಣ.