ಅಮ್ಮನ ಟಿಕೆಟ್‌ನಲ್ಲಿ ಉಳಿಸಿದ ಐದು ಸಾವಿರ

ಬನಶಂಕರಿಯಿಂದ ದೇವನಹಳ್ಳಿಗೆ ಹೊರಡೋದು ಅಂದ್ರೆ ನಾವೆಲ್ಲ ಮಹಾ ಜಾಣರು. ಹೆಬ್ಬಾಳದಲ್ಲಿ ಜಾಮ್ ಆದ್ರೆ, ಕ್ಯಾಬ್ ಕ್ಯಾನ್ಸಲ್ ಆದ್ರೆ, ಮಳೆ ಬಂದ್ರೆ ಅಂತ ಲೆಕ್ಕ ಹಾಕಿ, ಬೆಳಗ್ಗೆ ಏಳರ ಫ್ಲೈಟಿಗೆ ಮೂರು ಗಂಟೆಗೇ ಮನೆ ಬಿಡ್ತೀವಿ. ಸ್ವಂತ ಊರಿನ ರಸ್ತೆಯನ್ನೇ ನಂಬದ ನಾವು, ಅಪ್ಪ-ಅಮ್ಮನಿಗೆ ಟಿಕೆಟ್ ಬುಕ್ ಮಾಡುವಾಗ ಮಾತ್ರ ಪರವೂರಿನ ಏರ್‌ಪೋರ್ಟಿನಲ್ಲಿ ಎರಡು ಗಂಟೆ ಧಾರಾಳ ಅಂದುಕೊಳ್ತೀವಿ.

ನಾನೂ ಹಾಗೇ ಮಾಡಿದ್ದೆ. ಅಕ್ಕನ ಬಾಣಂತನ ಮುಗಿಸಿ ಅಮೆರಿಕದಿಂದ ವಾಪಸಾಗುತ್ತಿದ್ದ ಅಮ್ಮನಿಗೆ ದಿಲ್ಲಿವರೆಗೆ ಒಂದು ಟಿಕೆಟ್, ಅಲ್ಲಿಂದ ಬೆಂಗಳೂರಿಗೆ ಬೇರೆ ಕಂಪನಿಯ ಇನ್ನೊಂದು. ನಡುವೆ 2 ಗಂಟೆ 10 ನಿಮಿಷ. ಐದು ಸಾವಿರ ಉಳಿಸಿದೆ ಅಂತ ಆಫೀಸಿನಲ್ಲಿ ಕೊಚ್ಚಿಕೊಂಡಿದ್ದೂ ಆಯ್ತು.

ಆ 2 ಗಂಟೆ 10 ನಿಮಿಷವನ್ನು ಬಿಡಿಸಿ ನೋಡಿ. ದೇಶದೊಳಗಿನ ವಿಮಾನಗಳ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತೆ. ಉಳಿಯೋದು 70 ನಿಮಿಷ. ಅಷ್ಟರಲ್ಲಿ ಇಮಿಗ್ರೇಷನ್ ಕ್ಯೂ, ಬೆಲ್ಟಿನಿಂದ ಎರಡು ಸೂಟ್‌ಕೇಸ್, ಕಸ್ಟಮ್ಸ್, ಮತ್ತೆ ಬ್ಯಾಗ್ ಡ್ರಾಪ್. ಬಂದ ವಿಮಾನ 40 ನಿಮಿಷ ತಡವಾದರೆ ಆಟ ಮುಗೀತು.

ತಡವೇ ಆಯ್ತು. ಒಂದೇ ಪಿಎನ್‌ಆರ್ ಆಗಿದ್ದಿದ್ರೆ ಮುಂದಿನ ವಿಮಾನಕ್ಕೆ ಕೂರಿಸೋದು ಏರ್‌ಲೈನ್ ಹೊಣೆ. ಎರಡು ಟಿಕೆಟ್ ಆದಾಗ ಎರಡನೇ ಕಂಪನಿಯ ಪಾಲಿಗೆ ಅಮ್ಮ ಬರೀ ‘ನೋ-ಶೋ’. ಹೊಸ ಟಿಕೆಟಿಗೆ ಹನ್ನೊಂದು ಸಾವಿರ ತೆತ್ತೆ. ಅದು ಹಾಳಾಗಿ ಹೋಗ್ಲಿ. ಮಂಡಿ ನೋವಿನ, ಹಿಂದಿ ಅಷ್ಟಕ್ಕಷ್ಟೇ ಬರುವ, ಅರವತ್ತೇಳರ ಅಮ್ಮ ಆರು ಗಂಟೆ ಟ್ರಾಲಿ ಕಾಯ್ತಾ ಕೂತಿದ್ದಳು. ಮನೆಗೆ ಬಂದವಳು ಹೇಳಿದ್ದಿಷ್ಟು: “ನಾನೇ ನಡೆಯೋದು ನಿಧಾನ ಆಯ್ತು ಕಣೋ.”

ನಿಧಾನ ಅವಳದಲ್ಲ, ದುರಾಸೆ ನನ್ನದು.

ಈ ಕಥೆ ಹೇಳಿದರೆ ಗೆಳೆಯರು, “ವೀಲ್‌ಚೇರ್ ಹಾಕಿಸಬೇಕಿತ್ತು ಗುರು” ಅಂತಾರೆ. ಖಂಡಿತ ಹಾಕಿಸಿ, ಅದು ಅವರ ಹಕ್ಕು. ಆದರೆ ವೀಲ್‌ಚೇರ್ ಕ್ಯೂ ದಾಟಿಸಬಹುದು, ತಡವಾದ ವಿಮಾನವನ್ನು ಬೇಗ ಇಳಿಸೋದಿಲ್ಲ. “ಆ್ಯಪ್ ತೋರಿಸ್ತಲ್ಲ” ಅನ್ನೋರಿಗೂ ಒಂದು ಮಾತು: ಒಂದೇ ಟಿಕೆಟ್‌ಗೆ ಕನಿಷ್ಠ ಸಂಪರ್ಕ ಸಮಯ ಅಂತ ಒಂದು ಇರುತ್ತೆ. ಅದು ಎಲ್ಲ ಸರಿಯಾಗಿ ನಡೆದರೆ ಸಾಕಾಗುವ ಸಮಯ. ಎರಡು ಟಿಕೆಟನ್ನು ನಾವೇ ಜೋಡಿಸಿಕೊಂಡಾಗ ಆ ಕನಿಷ್ಠವನ್ನೂ ಕೇಳೋರಿಲ್ಲ.

ನಿಮಗೆ ಓಡೋ ಕಾಲಿದ್ದರೆ, ಬೆನ್ನಿಗೊಂದು ಬ್ಯಾಗ್ ಮಾತ್ರ ಇದ್ದರೆ, 70 ನಿಮಿಷದ ಲೇಓವರ್ ಹಿಡೀರಿ, ಓಡಿ. ಅಪ್ಪ-ಅಮ್ಮನಿಗೆ ಒಂದೇ ಪಿಎನ್‌ಆರ್, ನಡುವೆ ನಾಲ್ಕು ಗಂಟೆ. ಕೂತು ಒಂದು ಕಾಫಿ ಕುಡೀಲಿ. ಅದು ಮುನ್ನೂರು ರೂಪಾಯಿ ಆದ್ರೂ ಬೈಕೊಂಡೇ ಕುಡೀಲಿ.