ಇಬ್ಬರ ಹಾಡು

ಕಚೇರಿಯೆಂದೊಡನೆ ಪಿಟೀಲು, ಮೃದಂಗ, ತಂಬೂರಿಗಳು ಕಣ್ಣ ಮುಂದೆ ನಿಲ್ಲುವ ನಮಗೆ, ಒಬ್ಬ ಗಾಯಕನೂ ಒಂದು ಪಿಯಾನೊವೂ ಮಾತ್ರ ಇರುವ ವೇದಿಕೆ ಬರಿದಾಗಿ ತೋರಬಹುದು. ಗಾಯಕನ ಮುಂದೆ ಮೈಕಿಲ್ಲ. ನಾಟಕದ ವೇಷವೂ ಇಲ್ಲ. ಫ್ರಾನ್ಸ್ ಷೂಬರ್ಟನ ‘ಚಳಿಗಾಲದ ಪಯಣ’ವಾದರಂತೂ 24 ಹಾಡುಗಳು ಮುಗಿಯುವವರೆಗೆ, ಎಂದರೆ ಸುಮಾರು 70 ನಿಮಿಷ, ಸಾಮಾನ್ಯವಾಗಿ ಚಪ್ಪಾಳೆಯ ಸದ್ದೂ ಇರುವುದಿಲ್ಲ.

ಕಥೆ ಒಂದೆಳೆಯಷ್ಟೆ. ಪ್ರೇಮದಲ್ಲಿ ಸೋತವನೊಬ್ಬ ಹಿಮ ಬಿದ್ದ ಇರುಳಿನಲ್ಲಿ ಊರು ಬಿಟ್ಟು ನಡೆಯುತ್ತಾನೆ. ಜರ್ಮನ್ ಕವಿ ವಿಲ್ಹೆಲ್ಮ್ ಮುಲ್ಲರನ ಈ ಪದ್ಯಗಳಿಗೆ ಷೂಬರ್ಟ್ ಸ್ವರ ಕಟ್ಟಿದ್ದು 1827ರಲ್ಲಿ. ಕವಿ ತೀರಿಕೊಂಡದ್ದೂ ಅದೇ ವರ್ಷ. ನಮ್ಮ ಭಾವಗೀತೆಗಳ ಗಾಯನದಲ್ಲಿ ಕವಿಯ ಮಾತು ಮುಂದೆ, ವಾದ್ಯ ಹಿಂದೆ. ಇಲ್ಲಿ ಹಾಗಲ್ಲ. ಮೊದಲ ಹಾಡಿನಲ್ಲಿ ಹೆಜ್ಜೆಯಿಡುವುದು ಪಿಯಾನೊ; ಲಿಂಡನ್ ಮರದ ಎಲೆಗಳ ಮರ್ಮರವೂ ಅದರದೇ. ಗಾಯಕನದು ‘ನಾನು’ ಎಂಬ ಅಳಲು ಮಾತ್ರ; ಅವನನ್ನು ಹೊರದೂಡಿದ ಲೋಕವೆಲ್ಲ ಪಿಯಾನೊದಲ್ಲಿದೆ.

ಬ್ಯಾರಿಟೋನ್ ಎಂಬುದು ಗಂಡುದನಿಯ ನಡುವಣ ಮಟ್ಟ. ಷೂಬರ್ಟ್ ಬರೆದದ್ದು ಅದಕ್ಕಿಂತ ಮೇಲಣ ದನಿಗೆ. ಆದರೂ ಶ್ರುತಿಯಿಳಿಸಿ ಹಾಡುವ ಬ್ಯಾರಿಟೋನ್ ಗಾಯಕರು ಇದನ್ನು ತಮ್ಮದಾಗಿಸಿಕೊಂಡರು. ಡೀಟ್ರಿಶ್ ಫಿಷರ್-ಡೀಸ್ಕಾವ್ (1925–2012) ಇದನ್ನು ಹಲವು ಸಲ ಧ್ವನಿಮುದ್ರಿಸಿದರು. ಅವರೊಡನೆ ಪಿಯಾನೊ ನುಡಿಸಿದವರಲ್ಲೊಬ್ಬರಾದ ಜೆರಾಲ್ಡ್ ಮೂರ್ 1962ರಲ್ಲಿ ಪ್ರಕಟಿಸಿದ ತಮ್ಮ ನೆನಪುಗಳಿಗೆ ಇಟ್ಟ ಹೆಸರು, ‘ನನ್ನ ಸದ್ದು ಹೆಚ್ಚಾಯಿತೆ?’ ಎಂಬರ್ಥದ್ದು. ನಮ್ಮ ಪಕ್ಕವಾದ್ಯದವರು ಓದಿದರೆ ನಕ್ಕಾರು!

ಷೂಬರ್ಟ್ ಮೊದಲು ತಾನೇ ಹಾಡಿ ತೋರಿಸಿದಾಗ ಗೆಳೆಯರು ಆ ಕತ್ತಲಿಗೆ ಕಂಗೆಟ್ಟರಂತೆ. ಲಿಂಡನ್ ಮರದ ಹಾಡೊಂದೇ ತನಗೆ ಹಿಡಿಸಿತೆಂದ, ಗೆಳೆಯ ಷೋಬರ್. ತನಗೆ ಉಳಿದೆಲ್ಲ ಹಾಡುಗಳಿಗಿಂತ ಇವೇ ಮೆಚ್ಚು, ನಿಮಗೂ ಮುಂದೆ ಮೆಚ್ಚಾದಾವು ಎಂದು ಷೂಬರ್ಟ್ ಉತ್ತರಿಸಿದ. 1828ರ ನವೆಂಬರಿನಲ್ಲಿ, 31ರ ಹರೆಯದಲ್ಲಿ, ಮರಣಶಯ್ಯೆಯಲ್ಲಿದ್ದೂ ಎರಡನೆಯ ಭಾಗದ ಕರಡಚ್ಚು ತಿದ್ದುತ್ತಿದ್ದ.

ಕೊನೆಯ ಹಾಡಿನಲ್ಲಿ, ಹಿಡಿ ತಿರುಗಿಸಿ ನುಡಿಸುವ ತಂತಿವಾದ್ಯವನ್ನು ಹಿಡಿದು ಮುದುಕನೊಬ್ಬ ಬರಿಗಾಲಿನಲ್ಲಿ ಮಂಜಿನ ಮೇಲೆ ನಿಂತಿದ್ದಾನೆ. ಕೇಳುವವರಿಲ್ಲ. ಪಿಯಾನೊದ ಎಡಗೈ ಹಾಡಿನುದ್ದಕ್ಕೂ ಎರಡೇ ಸ್ವರಗಳನ್ನು ಹಿಡಿದಿರುತ್ತದೆ. ನಮ್ಮ ಲೆಕ್ಕದಲ್ಲಿ ಷಡ್ಜ, ಪಂಚಮ. ತಂಬೂರಿಯಲ್ಲಿ ನಮ್ಮ ಗಾಯಕರಿಗೆ ಆಸರೆಯಾಗುವ ಜೋಡಿಯೇ ಅದು! ಇಲ್ಲಿ ಹೆಪ್ಪುಗಟ್ಟಿ ಕುಳಿತಿದೆ. ತನ್ನ ಹಾಡಿಗೆ ಜೊತೆ ನುಡಿಸುವೆಯಾ ಎಂದು ಪಯಣಿಗ ಆ ಮುದುಕನನ್ನು ವಿಚಾರಿಸುತ್ತಾನೆ. ಉತ್ತರವನ್ನು ಕವಿ ಬರೆದಿಲ್ಲ. ಪಿಯಾನೊ ಒಮ್ಮೆ ದನಿಯೆತ್ತಿ, ತಗ್ಗಿ, ನಿಂತುಬಿಡುತ್ತದೆ.